ಇವತ್ತು ಫೆರಿ ಇಲ್ಲ

ಫೆರಿ ಹೊರಡುವುದು, ಹೊರಡದಿರುವುದು ಡಲ್ಸಿ ಸ್ನೂಕ್ ಕೈಯಲ್ಲಿರಲಿಲ್ಲ. ಅದು ಗಾಳಿಯ ಕೈಯಲ್ಲಿತ್ತು, ಕಡಲಿನ ಮಂಜುಗಡ್ಡೆಯ ಕೈಯಲ್ಲಿತ್ತು, ಮುದಿ ಎಂಜಿನ್ನಿನ ಕೈಯಲ್ಲಿತ್ತು. ಇವೆಲ್ಲ ಒಪ್ಪಿದರೂ ಆಚೆ ದಡದಲ್ಲಿ ಕೂತ ಕಚೇರಿಯವರು ಒಪ್ಪಬೇಕಿತ್ತು. ಆದರೆ "ಇವತ್ತು ಫೆರಿ ಇಲ್ಲ" ಎಂದು ಹೇಳಬೇಕಾದ ಬಾಯಿ ಮಾತ್ರ ಡಲ್ಸಿಯದು. ಗಾಳಿಗೆ ಬೈದರೆ ಗಾಳಿಗೆ ಕೇಳಿಸುವುದಿಲ್ಲ. ಕಚೇರಿಗೆ ಬೈಯೋಣವೆಂದರೆ ಅಲ್ಲಿ ಫೋನ್ ಎತ್ತುವವರಿಲ್ಲ. ಹಾಗಾಗಿ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಾಚೆಯ ನಮ್ಮ ಮರ್ಸರ್ ದ್ವೀಪದ ಜನ ಡಲ್ಸಿಗೆ ಬೈಯುತ್ತಿದ್ದರು.

ನಾನು ವಿನ್ನಿ. ಫೆರಿ ಕಟ್ಟೆಯ ಕಟ್ಟಡದೊಳಗೇ, ಡಲ್ಸಿಯ ಟಿಕೆಟ್ ಕಿಟಕಿಗೆ ಎದುರಾಗಿ ನನ್ನ ಚಹಾದಂಗಡಿ. ಚಹಾ, ಬಟಾಣಿ ಸಾರು, ಎಣ್ಣೆಯಲ್ಲಿ ಕರಿದು ಕಾಕಂಬಿ ಸುರಿದುಕೊಟ್ಟ ಹಿಟ್ಟಿನ ರೊಟ್ಟಿ, ಇಷ್ಟೇ ನನ್ನ ವ್ಯಾಪಾರ. ಫೆರಿ ಹೊರಡದ ದಿನ ನನಗೆ ಒಳ್ಳೆಯ ವ್ಯಾಪಾರ, ಡಲ್ಸಿಗೆ ಕೆಟ್ಟ ದಿನ. ನಡುವೆ ಒಂದು ಹಜಾರದಷ್ಟೇ ಅಂತರ. ಅವಳಿಗೆ ಆದದ್ದನ್ನೆಲ್ಲ ನಾನು ಚಹಾ ಸೋಸುತ್ತಲೇ ನೋಡಿದ್ದೇನೆ.

ಮೊದಮೊದಲು ಅವಳಷ್ಟು ಆ ಕೆಲಸಕ್ಕೆ ಒಪ್ಪುವವರು ಇನ್ನೊಬ್ಬರಿರಲಿಲ್ಲ. ಯಾರ ಮಗಳಿಗೆ ಆಚೆ ಆಸ್ಪತ್ರೆಯಲ್ಲಿ ಹೆರಿಗೆ, ಯಾರ ಗಂಡ ದೂರದ ಆಲ್ಬರ್ಟಾದ ಎಣ್ಣೆಬಾವಿ ಕೆಲಸದಿಂದ ರಜೆಗೆ ಬರುತ್ತಿದ್ದಾನೆ, ಯಾರ ಮುದುಕಿ ತಾಯಿಗೆ ಕಣ್ಣಿನ ಡಾಕ್ಟರು, ಎಲ್ಲ ಅವಳಿಗೆ ಗೊತ್ತು. "ಮೇಬಲ್ ಅತ್ತೆ, ನೀವು ಮುಂದಿನ ಸಾಲಿಗೆ ಬನ್ನಿ, ನಿಮಗೆ ತಡ ಆಗುತ್ತೆ" ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದಳು. ಗಾಳಿ ಎದ್ದು ಫೆರಿ ನಿಂತರೆ ತಾನೇ ಹೊರಗೆ ಬಂದು, ಕಾರಿನಿಂದ ಕಾರಿಗೆ ಹೋಗಿ ಹೇಳುತ್ತಿದ್ದಳು. ಜನ ಗೊಣಗುತ್ತಿದ್ದರು, ಅವಳೂ ಜೊತೆಗೆ ಗೊಣಗುತ್ತಿದ್ದಳು. ಆಮೇಲೆ ಎಲ್ಲರೂ ನನ್ನ ಹತ್ತಿರ ಚಹಾ ಕುಡಿದು ಮನೆಗೆ ಹೋಗುತ್ತಿದ್ದರು.

ಹಳೆಯ ಫೆರಿಯನ್ನು ತೆಗೆದು ಬದಲಿ ಫೆರಿ ತಂದ ಮೇಲೆ ಎಲ್ಲ ಕೆಟ್ಟಿತು. ಎಲ್ಲಿಂದಲೋ ತಂದ ಆ ಫೆರಿಯಲ್ಲಿ ವಾಹನ ಹತ್ತಿಳಿಯುವ ಮುಂದಿನ ಬಾಗಿಲು ತೆರೆದರೆ ಮುಚ್ಚುವುದಿಲ್ಲ, ಮುಚ್ಚಿದರೆ ತೆರೆಯುವುದಿಲ್ಲ. ವಾರದಲ್ಲಿ ಒಂದಲ್ಲ ಒಂದು ದಿನ ನಿಂತೇ ಇರುತ್ತಿತ್ತು. ಜನ ಡಾಕ್ಟರನ್ನು ತಪ್ಪಿಸಿಕೊಂಡರು, ಮದುವೆ ತಪ್ಪಿಸಿಕೊಂಡರು, ವಿಮಾನ ತಪ್ಪಿಸಿಕೊಂಡರು. ದೂರುಗಳು ಹೆಚ್ಚಾದಾಗ ಕಚೇರಿಯವರು ಫೆರಿ ರಿಪೇರಿ ಮಾಡಿಸಲಿಲ್ಲ. ಡಲ್ಸಿಗೆ ಮಾತಾಡುವುದನ್ನು ಕಲಿಸಲು ಒಬ್ಬಳನ್ನು ಕಳಿಸಿದರು.

ಆ ತರಬೇತಿಯವಳು ನೀಟಾದ ಕೋಟು ಹಾಕಿಕೊಂಡು ಬಂದು, ಡಲ್ಸಿಯನ್ನು ಕೂರಿಸಿಕೊಂಡು ಮೂರು ವಾಕ್ಯ ಕಲಿಸಿದಳು. "ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ. ಸುರಕ್ಷತೆಯೇ ನಮ್ಮ ಮೊದಲ ಕಾಳಜಿ. ನಿಮ್ಮ ತಾಳ್ಮೆಗೆ ಧನ್ಯವಾದಗಳು." ಇನ್ನು ಹೊರಗೆ ಹೋಗಿ ಕಾರುಗಳ ಹತ್ತಿರ ಮಾತಾಡಕೂಡದು, ಕಿಟಕಿಯಲ್ಲೇ ಇರಬೇಕು. ಯಾರು ಏನೇ ಅಂದರೂ ದನಿ ಏರಕೂಡದು, ಮುಖದ ನಗು ಇಳಿಯಕೂಡದು. ಕಿಟಕಿಗೆ ದಪ್ಪ ಗಾಜು ಬಂತು, ಗಾಜಿನ ಮೇಲೊಂದು ಕ್ಯಾಮೆರಾ ಬಂತು.

"ಅರ್ಥವಾಗುತ್ತದೆ ಅಂತೆ ಕಣೆ ವಿನ್ನಿ!" ಎಂದು ಡಲ್ಸಿ ಆ ಸಂಜೆ ನನ್ನ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮ ಚಿಕ್ಕಪ್ಪನಿಗೆ ಹಂಗಂದ್ರೆ, 'ಏನೇ, ತಲೆಗೆ ಏಟು ಬಿತ್ತಾ?' ಅಂತ ಕೇಳ್ತಾನೆ."

ಆದರೆ ಮೂರು ವಾಕ್ಯಗಳು ಉಪಯೋಗಕ್ಕೆ ಬಂದವು. ಎದುರಿಗಿದ್ದವನು ಕಿರುಚುತ್ತಿರುವಾಗ ಅವುಗಳ ಹಿಂದೆ ನಿಂತುಕೊಳ್ಳಬಹುದಿತ್ತು. ಮೀನು ವ್ಯಾಪಾರಿಗಳ ಲಾರಿ ಓಡಿಸುವ ರೆಕ್ಸ್ ಪಿಯರ್ಸ್ ಅಂತೂ ಫೆರಿ ನಿಂತ ದಿನವೆಲ್ಲ ಗಾಜಿಗೆ ಅಂಗೈಯಿಂದ ಬಡಿಯುತ್ತಿದ್ದ.

"ಲಾರಿ ತುಂಬ ಏಡಿ ಇದೆ, ಗೊತ್ತಾ ನಿಂಗೆ? ನಾಳೆ ಹೊತ್ತಿಗೆ ನಾರುತ್ತೆ. ಆಗ ನಿಮ್ಮನೆ ಅಂಗಳಕ್ಕೆ ಸುರೀಲಾ?"

"ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ, ಪಿಯರ್ಸ್ ಅವರೇ."

"ಪಿಯರ್ಸ್ ಅವರೇನಾ? ಲೇ ಡಲ್ಸಿ, ಒಂದೇ ಬೆಂಚಲ್ಲಿ ಕೂತು ಓದಿದೋರು ನಾವು! ಯಾರೇ ನಿನ್ನ ಬಾಯಿಗೆ ಈ ಗಿಣಿ ಹಾಕಿದ್ದು?"

"ನಿಮ್ಮ ತಾಳ್ಮೆಗೆ ಧನ್ಯವಾದಗಳು."

ಅವನು ನನ್ನ ಅಂಗಡಿಗೆ ಬಂದು, ಅವಳಿಗೆ ಕೇಳಿಸುವ ಹಾಗೆ, "ಕಲ್ಲಿಗಾದ್ರೂ ಬೈಬಹುದು ಮಾರಾಯ್ತಿ" ಅನ್ನುತ್ತಿದ್ದ. ಡಲ್ಸಿ ಗಾಜಿನ ಹಿಂದೆ ನಗುತ್ತ ಕೂತಿರುತ್ತಿದ್ದಳು. ಆ ನಗು ಹೇಗಿತ್ತೆಂದರೆ, ಯಾರೋ ಮೇಜಿನ ಮೇಲೆ ಮರೆತುಹೋದ ವಸ್ತುವಿನ ಹಾಗಿತ್ತು.

ದ್ವೀಪ ಚಿಕ್ಕದು. ಕಿಟಕಿ ಮುಚ್ಚಿದರೂ ಕೆಲಸ ಮುಚ್ಚುತ್ತಿರಲಿಲ್ಲ. ಅಂಗಡಿಯಲ್ಲಿ ಹಾಲಿನ ಡಬ್ಬಿ ತೆಗೆಯುವಾಗ ಬೆನ್ನ ಹಿಂದಿನಿಂದ "ನಾಳೆ ಫೆರಿ ಉಂಟೇನೇ?" ಚರ್ಚಿನಲ್ಲಿ ಮಂಡಿಯೂರಿದ್ದಾಗ ಪಕ್ಕದವಳು ಪಿಸುಗುಟ್ಟುತ್ತಾಳೆ, "ಬೆಳಗಿನ ಟ್ರಿಪ್ ಹೋಯ್ತಾ?" ಸಮುದಾಯ ಭವನದಲ್ಲಿ ಇಸ್ಪೀಟು ಆಡಲು ಕೂತರೆ ಎಲೆ ಹಂಚುವ ಮೊದಲೇ ಫೆರಿಯ ಪಂಚಾಯಿತಿ. ಡಲ್ಸಿ ಇಸ್ಪೀಟಿಗೆ ಬರುವುದನ್ನು ಬಿಟ್ಟಳು. ಆಮೇಲೆ ಚರ್ಚು ಬಿಟ್ಟಳು. ದಿನಸಿಯನ್ನು ಗಂಡ ಸೆಲ್ಬಿ ತರತೊಡಗಿದ.

ಸೆಲ್ಬಿ ಒಳ್ಳೆಯವನು, ಮಾತು ಕಡಿಮೆ, ಬಲೆ ಹೆಣೆಯುತ್ತ ರೇಡಿಯೋ ಕೇಳುವವನು. ಅವನೇ ಒಂದು ದಿನ ನನ್ನ ಅಂಗಡಿಗೆ ಬಂದು, ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ಹೇಳಿದ:

"ವಿನ್ನಿ, ನಿನ್ನೆ ನಾನು ಉಪ್ಪುಮೀನು ಹೊತ್ತಿಸಿಬಿಟ್ಟೆ. ಅಡಿಗೆಮನೆ ತುಂಬ ಹೊಗೆ. ಮೊದಲಾಗಿದ್ರೆ ನನ್ನ ಕಿವಿ ಕಿತ್ತು ಕೈಗೆ ಕೊಡೋಳು. ನಿನ್ನೆ ಏನಂದ್ಲು ಗೊತ್ತಾ? 'ಪರವಾಗಿಲ್ಲ, ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ' ಅಂದ್ಲು."

"ತಮಾಷೆಗೆ ಅಂದಿರ್ತಾಳೆ ಬಿಡೋ."

"ಮೊದಮೊದಲು ತಮಾಷೆಗೇ ಅಂತಿದ್ಲು. ಈಗ ಅವಳಿಗೇ ಗೊತ್ತಾಗ್ತಿಲ್ಲ." ಅವನು ಟೋಪಿ ಹಾಕಿಕೊಂಡ. "ನನ್ನ ಹೆಂಡ್ತಿ ನನ್ನ ಬೈಯೋದಿಲ್ಲ ಅಂತ ನಾನು ಯಾರ ಹತ್ರ ದೂರು ಹೇಳಲಿ?"

ನಾನು ಅವಳನ್ನು ಕೇಳಿದೆ. ಅವಳು "ಸುಸ್ತು ಕಣೆ, ಅಷ್ಟೇ" ಅಂದಳು. ರಾತ್ರಿಯಿಡೀ ನಿದ್ದೆ ಮಾಡಿದರೂ ಎದ್ದಾಗ ಮಲಗುವ ಮೊದಲಿದ್ದಷ್ಟೇ ಸುಸ್ತಂತೆ. ಕಚೇರಿಯ ರ‍್ಯಾಂಡಲ್‌ಗೆ ಫೋನ್ ಮಾಡಿ ರಜೆ ಕೇಳಿದ್ದಳಂತೆ. ಅವನು ಬದಲಿಗೆ ಯಾರೂ ಇಲ್ಲ ಅಂದನಂತೆ. ಅಂದು, "ನಿನ್ನ ಬಗ್ಗೆ ಒಂದು ದೂರೂ ಇಲ್ಲ ಡಲ್ಸಿ, ನೀನೇ ನಮ್ಮ ಮಾದರಿ" ಎಂದು ಹೊಗಳಿದನಂತೆ.

"ಖುಷಿಯಾಯ್ತಾ?" ಎಂದೆ.

ಯಾರೋ ಬೇರೆಯವರ ಬಗ್ಗೆ ಕೇಳಿದ ಪ್ರಶ್ನೆಯೇನೋ ಅನ್ನುವ ಹಾಗೆ ಅವಳು "ಗೊತ್ತಿಲ್ಲ" ಅಂದಳು.

ಆ ವಸಂತದಲ್ಲಿ ಈಶಾನ್ಯದ ಗಾಳಿ ಹಿಡಿದು ಬಿಡಲೇ ಇಲ್ಲ. ಉತ್ತರದಿಂದ ತೇಲಿಬಂದ ಮಂಜುಗಡ್ಡೆಯನ್ನೆಲ್ಲ ತಂದು ನಮ್ಮ ಕೊಲ್ಲಿಗೆ ತುರುಕಿತು. ಕಟ್ಟೆಯಿಂದ ನೋಡಿದರೆ ನೀರೇ ಇಲ್ಲ. ದಡದಿಂದ ದಡದವರೆಗೆ ಒಡೆದ ಬಿಳಿ ಚಪ್ಪಡಿ. ಮಂಜುಗಡ್ಡೆ ಒಡೆಯುವ ಹಡಗು ಎಲ್ಲೋ ಬೇರೆ ಕಡೆ ಇತ್ತು. ಫೆರಿ ಆಚೆ ದಡದಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಆಗಲೇ ಹೆಡ್ಲಿ ಫೂಟ್‌ನ ಹೆಂಡತಿ ಆಲಿವ್ ಅಡಿಗೆಮನೆಯಲ್ಲಿ ಕುಸಿದುಬಿದ್ದದ್ದು. ಮೆದುಳಿನಲ್ಲಿ ರಕ್ತಸ್ರಾವ. ಹೆಲಿಕಾಪ್ಟರ್ ಬಂತು. ಅದರಲ್ಲಿ ರೋಗಿಗೆ ಮತ್ತು ನರ್ಸಿಗೆ ಮಾತ್ರ ಜಾಗ. ಹೆಡ್ಲಿ ಚರ್ಚಿನ ಬಯಲಲ್ಲಿ ನಿಂತು ಅದು ಮೇಲೇರುವುದನ್ನು ನೋಡಿದ. ಮರುದಿನ ಬೆಳಿಗ್ಗೆ ಒಂದು ಸಣ್ಣ ಚೀಲ ಹಿಡಿದುಕೊಂಡು ಫೆರಿ ಕಟ್ಟೆಗೆ ಬಂದ.

ಹೆಡ್ಲಿಯನ್ನು ನಾವೆಲ್ಲ ಮಾಮ ಅನ್ನುತ್ತೇವೆ. ಡಲ್ಸಿಗಂತೂ ಚಿಕ್ಕಂದಿನಲ್ಲಿ ದೋಣಿಯ ಹುಟ್ಟು ಹಾಕುವುದನ್ನು ಕಲಿಸಿದವನು ಅವನೇ. ಅವಳ ಅಪ್ಪ ಕಡಲಿಗೆ ಹೋಗಿ ಬಾರದೆ ಇದ್ದಾಗ ಆ ಚಳಿಗಾಲವೆಲ್ಲ ಅವರ ಮನೆಗೆ ಸೌದೆ ಕಡಿದುಹಾಕಿದವನೂ ಅವನೇ. ಅವನು ಕಿಟಕಿಯ ಹತ್ತಿರ ಹೋಗಿ ಮೆಲ್ಲಗೆ ಕೇಳುತ್ತಿದ್ದ, "ಏನಾದ್ರೂ ಇದೆಯಾ ಮಗಳೇ?" ಇಲ್ಲ ಅಂದರೆ ತಲೆಯಾಡಿಸಿ ಬೆಂಚಿನ ಮೇಲೆ ಕೂರುತ್ತಿದ್ದ. ಸಂಜೆ ಎದ್ದು ಹೋಗುತ್ತಿದ್ದ. ಮರುದಿನ ಮತ್ತೆ ಬರುತ್ತಿದ್ದ. ನಾನು ಕೊಟ್ಟ ಸಾರನ್ನು ಅರ್ಧ ಕುಡಿದು, "ಆಲಿವ್ ಇದಕ್ಕೆ ಕ್ಯಾರೆಟ್ ಜಾಸ್ತಿ ಹಾಕ್ತಾಳೆ" ಎಂದು ಕ್ಷಮೆ ಕೇಳುವವನ ಹಾಗೆ ಹೇಳುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಅವನ ಮಗಳು ಆಸ್ಪತ್ರೆಯಿಂದ ಟಿಕೆಟ್ ಕಿಟಕಿಗೇ ಫೋನ್ ಮಾಡಿದಳು. ಅಮ್ಮ ಇವತ್ತು ಕಳೆಯುವುದು ಕಷ್ಟ, ಅಪ್ಪನನ್ನು ಹೇಗಾದರೂ ದಾಟಿಸಿ ಅಂದಳು. ಡಲ್ಸಿ ಹೆಲಿಕಾಪ್ಟರಿನವರನ್ನು ಕೇಳಿದಳು. ದಟ್ಟ ಕಾವಳ ಮುಸುಕಿದೆ, ಹಾರಲು ಆಗದು ಅಂದರು. ಕಚೇರಿಯನ್ನು ಕೇಳಿದಳು, ಕರಾವಳಿ ಕಾವಲು ಹಡಗಿನವರನ್ನು ಕೇಳಿದಳು. ಗಾಜಿನಾಚೆ ಅವಳು ಒಂದಾದ ಮೇಲೊಂದು ಫೋನ್ ಎತ್ತಿ ಇಡುವುದನ್ನು ನಾನು ನೋಡುತ್ತಿದ್ದೆ. ಹೆಡ್ಲಿಯೂ ನೋಡುತ್ತಿದ್ದ. ಕೊನೆಗೆ ಅವನೇ ಎದ್ದು ಕಿಟಕಿಗೆ ಹೋದ.

ಡಲ್ಸಿ ಬೆನ್ನು ನೆಟ್ಟಗೆ ಮಾಡಿದಳು. ಮುಖಕ್ಕೆ ಆ ನಗು ಬಂತು.

"ಫೂಟ್ ಅವರೇ, ನಿಮ್ಮ ಪತ್ನಿಯವರ ಸ್ಥಿತಿ ಗಂಭೀರವಾಗಿದೆ ಎಂದು ನಿಮ್ಮ ಮಗಳು ತಿಳಿಸಿದ್ದಾರೆ. ಇವತ್ತು ಫೆರಿ ಇಲ್ಲ. ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ. ಸುರಕ್ಷತೆಯೇ ನಮ್ಮ ಮೊದಲ ಕಾಳಜಿ. ನಿಮ್ಮ ತಾಳ್ಮೆಗೆ ಧನ್ಯವಾದಗಳು."

ಹಜಾರದಲ್ಲಿದ್ದ ನಾಲ್ಕಾರು ಜನ ತಿರುಗಿ ನೋಡಿದರು. ನನ್ನ ಕೈಯ ಸೌಟು ಹಾಗೇ ನಿಂತಿತು. ಹೆಡ್ಲಿ ಗಾಜಿನ ಹತ್ತಿರ ಬಗ್ಗಿ, ಕತ್ತಲೆಯ ಕೋಣೆಯಲ್ಲಿ ಯಾರನ್ನೋ ಹುಡುಕುವವನ ಹಾಗೆ ಒಳಗೆ ನೋಡಿದ.

"ಡಲ್ಸಿ," ಅಂದ, "ಯಾರ ಹತ್ರ ಮಾತಾಡ್ತಿದ್ದೀಯ ಮಗಳೇ?"

ಅವಳ ಮುಖದ ನಗು ಹಾಗೇ ಇತ್ತು. ಅವನು ಬಂದು ಬೆಂಚಿನ ಮೇಲೆ ಕೂತ. ಆಲಿವ್ ಆ ಮಧ್ಯಾಹ್ನ ತೀರಿಹೋದಳು. ಮಗಳ ಫೋನ್ ಬಂದಾಗ ನಾನೇ ಅವನ ಪಕ್ಕ ಕೂತು ಹೇಳಿದೆ.

ಡಲ್ಸಿ ಹೊತ್ತಿಗೆ ಸರಿಯಾಗಿ ಕಿಟಕಿ ಮುಚ್ಚಿ, ನನ್ನ ಅಂಗಡಿಗೆ ಬಂದು ರೊಟ್ಟಿ ಕೇಳಿದಳು. ಕಾಕಂಬಿ ಹಚ್ಚಿಕೊಂಡು ಪೂರ್ತಿ ತಿಂದಳು. ತಟ್ಟೆ ಪಕ್ಕಕ್ಕಿಟ್ಟು ಹೇಳಿದಳು:

"ನಂಗೆ ಏನೂ ಅನ್ನಿಸಲಿಲ್ಲ ವಿನ್ನಿ. ಈಗ ಅನ್ನಿಸುತ್ತೆ, ಈಗ ಅನ್ನಿಸುತ್ತೆ ಅಂತ ಕಾದೆ. ಸಂಜೆತನಕ ಕಾದೆ. ಬರಲೇ ಇಲ್ಲ."

"ಮನೆಗೆ ಹೋಗಿ ಮಲಗು."

"ಅವನು ನನ್ನ ನೋಡಿದ್ನಲ್ಲ, ಆಗಲೂ ನಂಗೆ, ಸಾಲಲ್ಲಿ ಇನ್ನೊಬ್ರು ಇದ್ದಾರೆ, ಬೇಗ ಮುಗೀಲಿ ಅಂತ ಅನ್ನಿಸ್ತು. ಹೆಡ್ಲಿ ಮಾಮನ ಬಗ್ಗೆ. ಬೇಗ ಮುಗೀಲಿ ಅಂತ." ಅವಳು ತನ್ನ ಕೈಗಳನ್ನು ನೋಡಿಕೊಂಡಳು. "ನಾನು ಕೆಟ್ಟೋಳಾಗಿಬಿಟ್ನೇನೇ?"

ನಾನು ಅವಳಿಗೆ ಇನ್ನೊಂದು ಚಹಾ ಮಾಡಿಕೊಟ್ಟೆ.

ಗಾಳಿ ತಿರುಗಿತು. ಮಂಜುಗಡ್ಡೆ ಒಡೆದು ಕೊಲ್ಲಿಯಿಂದ ಆಚೆಗೆ ಸರಿಯಿತು. ಮೊದಲ ಟ್ರಿಪ್ಪಿನಲ್ಲೇ ಹೆಡ್ಲಿ ಆಚೆ ದಡಕ್ಕೆ ಹೋದ. ಕೆಲವು ದಿನಗಳ ಮೇಲೆ ಆಲಿವಳ ಶವಪೆಟ್ಟಿಗೆ ಹೊತ್ತ ಕಪ್ಪು ಗಾಡಿಯ ಜೊತೆ ಫೆರಿಯಲ್ಲಿ ವಾಪಸು ಬಂದ. ದಿನಗಟ್ಟಲೆ ನಿಂತುಹೋಗಿದ್ದ ಲಾರಿ, ಕಾರುಗಳು ಇನ್ನೂ ದಾಟಿ ಮುಗಿಯದೆ ಈ ಕಡೆ ಉದ್ದಕ್ಕೆ ಸಾಲುಗಟ್ಟಿದ್ದವು. ಕಪ್ಪು ಗಾಡಿ ಇಳಿದು ಬರುವಾಗ ಎಲ್ಲರೂ ಎಂಜಿನ್ ನಿಲ್ಲಿಸಿ, ಟೋಪಿ ತೆಗೆದು ನಿಂತರು. ಸಾಲಿನ ಮುಂದೆ ರೆಕ್ಸ್‌ನ ಲಾರಿ. ಅವನೂ ಇಳಿದು ನಿಂತಿದ್ದ.

ಗಾಡಿ ತಿರುವಿನಲ್ಲಿ ಮರೆಯಾಯಿತು. ಇನ್ನೇನು ವಾಹನ ಹತ್ತಿಸಬೇಕು ಅನ್ನುವಾಗ ಫೆರಿಯ ಮುಂದಿನ ಬಾಗಿಲು ಸಿಕ್ಕಿಕೊಂಡಿತು. ಕ್ಯಾಪ್ಟನ್ ಒಳಗಿನ ಫೋನಿನಲ್ಲಿ ಡಲ್ಸಿಗೆ ಹೇಳಿದ: ಇವತ್ತಿಗೆ ಇಷ್ಟೇ, ಜನರಿಗೆ ತಿಳಿಸು.

ಜನರಿಗೆ ತಿಳಿಸುವುದೆಂದರೆ ಮೈಕಿನ ಗುಂಡಿ ಒತ್ತುವುದು. ಹೊರಗೆ ಬಯಲಿನ ಕಂಬಗಳ ಮೇಲೆ ಧ್ವನಿವರ್ಧಕಗಳಿದ್ದವು. ಅಷ್ಟರಲ್ಲಿ ಸುದ್ದಿಯ ಸುಳಿವು ಹಿಡಿದ ರೆಕ್ಸ್ ಕಿಟಕಿಗೆ ಬಂದು ಗಾಜಿಗೆ ಬಡಿಯತೊಡಗಿದ್ದ. "ಹೇಳೇ! ಹೇಳು ನಿನ್ನ ಗಿಣಿಪಾಠ! ಅರ್ಥ ಆಗುತ್ತಾ ನನ್ನ ತೊಂದರೆ? ಹೇಳು ನೋಡೋಣ!"

ಡಲ್ಸಿ ಗುಂಡಿ ಒತ್ತಿದಳು. ಬಾಯಿ ತೆರೆದಳು. ಮಾತು ಬರಲಿಲ್ಲ.

ಮತ್ತೊಮ್ಮೆ ತೆರೆದಳು. ಬರಲಿಲ್ಲ. ಬೆರಳು ಮಾತ್ರ ಗುಂಡಿಯ ಮೇಲೇ ಇತ್ತು. ಹೊರಗೆ ಬಯಲಿನಲ್ಲಿ, ಕಾರುಗಳ ಮೇಲೆ, ಲಾರಿಗಳ ಮೇಲೆ ಅವಳ ಉಸಿರು ಕೇಳತೊಡಗಿತು. ಎಳೆದುಕೊಂಡು, ತಡೆದು, ಮತ್ತೆ ಎಳೆದುಕೊಂಡು. ಬೆಟ್ಟ ಹತ್ತಿದವರ ಉಸಿರಿನ ಹಾಗೆ. ಹಾರ್ನ್ ಹೊಡೆಯುತ್ತಿದ್ದವರು ನಿಲ್ಲಿಸಿದರು. ಜನ ಕಾರಿನ ಬಾಗಿಲು ತೆರೆದು ತಲೆಯೆತ್ತಿ ಕಂಬಗಳ ಕಡೆ ನೋಡಿದರು. ರೆಕ್ಸ್‌ನ ಕೈ ಗಾಜಿನ ಮೇಲೆ ಹಾಗೇ ಅಂಟಿಕೊಂಡಿತು. ಅವಳ ಮುಖದಲ್ಲಿ ಇನ್ನೂ ಆ ನಗು ಇತ್ತು. ಅದನ್ನು ನೋಡಿ ಅವನು ಮೆಲ್ಲಗೆ ಕೈ ತೆಗೆದ.

"ವಿನ್ನಿ," ಎಂದು ನನ್ನ ಕಡೆ ತಿರುಗಿ ಕರೆದ, "ವಿನ್ನಿ, ಬಾರೇ, ಇವಳಿಗೇನೋ ಆಗಿದೆ."

ನಾನು ಒಳಗೆ ಓಡಿದೆ. ಅವಳ ಬೆರಳನ್ನು ಗುಂಡಿಯಿಂದ ಬಿಡಿಸಬೇಕಾಯಿತು. ಮೈಕಿನಲ್ಲಿ ನಾನೇ, "ಬಾಗಿಲು ಕೆಟ್ಟಿದೆ, ಎಲ್ಲರೂ ಮನೆಗೆ ಹೋಗಿ" ಅಂದೆ. ಒಬ್ಬರೂ ಬೈಯಲಿಲ್ಲ. ನನ್ನ ಅಂಗಡಿಯ ಹಿಂದೆ ಹಿಟ್ಟಿನ ಚೀಲಗಳ ಮೇಲೆ ಅವಳನ್ನು ಕೂರಿಸಿ, ಸೆಲ್ಬಿಗೆ ಫೋನ್ ಮಾಡಿದೆ.

ನಮ್ಮ ದವಾಖಾನೆಯ ನರ್ಸ್ ಮಾರಿವಿಕ್ ಫಿಲಿಪೀನ್ಸಿನಿಂದ ಬಂದವಳು. ಗಟ್ಟಿಗಿತ್ತಿ. ಡಲ್ಸಿಯ ನಾಡಿ ನೋಡಿದಳು, ರಕ್ತ ತೆಗೆದಳು, ಆಮೇಲೆ ಎಲ್ಲ ಪಕ್ಕಕ್ಕಿಟ್ಟು ಬರೀ ಕೇಳುತ್ತ ಕೂತಳಂತೆ. ಕೊನೆಗೆ, "ಇದು ಸೋಮಾರಿತನ ಅಲ್ಲ, ನೀನು ಕೆಟ್ಟೋಳೂ ಅಲ್ಲ. ದಿನಾ ಎಲ್ಲರ ಸಿಟ್ಟು ನುಂಗಿ ನುಂಗಿ ಹೊಟ್ಟೇಲಿ ನಿನ್ನದಕ್ಕೇ ಜಾಗ ಇಲ್ಲ. ಆ ಟಿಕೆಟ್ ಕಿಟಕಿ ಕಡೆ ತಲೆ ಹಾಕಿಯೂ ಮಲಗಬೇಡ" ಎಂದು ಬೇಸಿಗೆ ಕಳೆಯುವವರೆಗೂ ರಜೆ ಬರೆದಳು.

ರ‍್ಯಾಂಡಲ್ ಮನೆಗೇ ಫೋನ್ ಮಾಡಿದ. ಸೆಲ್ಬಿ ಎತ್ತಿದ. ನಾನು ಅಲ್ಲೇ ಇದ್ದೆ, ಅವನ ದನಿ ನನಗೂ ಕೇಳಿಸುತ್ತಿತ್ತು.

"ಶುಕ್ರವಾರದ ತನಕ ಬರಲಿಕ್ಕಾಗುತ್ತಾ ಅಂತ. ಬದಲಿಗೆ ಯಾರೂ ಇಲ್ಲ, ನಮ್ಮ ಕಷ್ಟ ನಿಮಗೆ ಗೊತ್ತಲ್ಲ ಸೆಲ್ಬಿ."

ಸೆಲ್ಬಿ ಗಂಟಲು ಸರಿಮಾಡಿಕೊಂಡ. "ನಿಮ್ಮ ತೊಂದರೆ ನಂಗೆ ಅರ್ಥ ಆಗುತ್ತೆ," ಅಂದ. "ನಿಮ್ಮ ತಾಳ್ಮೆಗೆ ಥ್ಯಾಂಕ್ಸು." ಫೋನ್ ಇಟ್ಟು, ಗೋಡೆಯಿಂದ ತಂತಿಯನ್ನೇ ಕಿತ್ತ. ಅವನು ಅಷ್ಟು ಚುರುಕಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಡಿಗೆಮನೆಯಲ್ಲಿ ಒಲೆಯ ಪಕ್ಕ ಹಾಕಿದ್ದ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಡಲ್ಸಿ ನಗಲಿಲ್ಲ.

ಅವಳು ತುಂಬ ದಿನ ಹಾಗೇ ಮಲಗಿದ್ದಳು. ಕಿಟಕಿಗೆ ಆಚೆ ದಡದಿಂದ ಶಾರ್ಲೀನ್ ಎಂಬವಳು ಬಂದಳು. ಜನ ಕೂಗಿದರೆ ಅವಳು ಎರಡರಷ್ಟು ಕೂಗುತ್ತಿದ್ದಳು. "ನಿಮ್ಮಜ್ಜಿ ಮದುವೆಗೆ ಹೋಗ್ಬೇಕಾ? ಈಜ್ಕೊಂಡು ಹೋಗಿ!" ಜನರಿಗೆ ಆಗ ಡಲ್ಸಿಯ ಬೆಲೆ ತಿಳಿಯಿತು ಎಂದು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಜನರಿಗೆ ಆ ಉಸಿರು ಕೇಳಿಸಿತ್ತು, ಅಷ್ಟೇ. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ರೆಕ್ಸ್ ಒಂದು ಬಕೆಟ್ ಏಡಿ ತಂದು ಅವಳ ಮನೆ ಮೆಟ್ಟಿಲ ಮೇಲಿಟ್ಟು, ಬಾಗಿಲು ತಟ್ಟದೆ ಹೋದ. ಡಲ್ಸಿ ಅದನ್ನು ಮುಟ್ಟಲಿಲ್ಲ. ಸೆಲ್ಬಿ ಬೇಯಿಸಿ ನಮ್ಮ ಮನೆಗೆ ತಂದುಕೊಟ್ಟ.

ಬೇಸಿಗೆ ಶುರುವಾಗುವ ಹೊತ್ತಿಗೆ ಹೆಡ್ಲಿಯೇ ಅವಳ ಮನೆಗೆ ಹೋದ. ಮಂಚದ ಪಕ್ಕ ನಿಂತು, "ಆಲಿವ್ ಬಟ್ಟೆ ಎಲ್ಲ ಹಾಗೇ ಬಿದ್ದಿದೆ. ಮಗಳು ಬಂದ್ರೆ ಅಳ್ತಾಳೆ, ನಂಗೆ ಮಡಿಸಕ್ಕೆ ಬರಲ್ಲ. ಬಾರೇ" ಅಂದನಂತೆ. ಯಾರ ಮನೆಗೂ ಹೋಗದವಳು ಎದ್ದು ಚಪ್ಪಲಿ ಮೆಟ್ಟಿ ಹೊರಟಳು. ಮುಂದಿನದನ್ನು ಅವಳೇ ನನಗೆ ಹೇಳಿದ್ದು.

ಮಲಗುವ ಕೋಣೆಯಲ್ಲಿ ಇಬ್ಬರೂ ಎದುರುಬದುರು ಕೂತು ಮಡಿಸತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಡಲ್ಸಿ, "ಮಾಮ, ಆವತ್ತಿನ ಘಟನೆಗಾಗಿ ನಾನು ವಿಷಾದಿಸುತ್ತೇನೆ" ಅಂದಳು. ಅಂದ ಕೂಡಲೇ ಅವಳಿಗೇ ಆ ದನಿ ಕೇಳಿಸಿತು.

"ಆ ದನಿ ಬೇಡ," ಅಂದ ಹೆಡ್ಲಿ. "ಬೇರೆ ಇಲ್ದಿದ್ರೆ ಸುಮ್ಮನಿರು. ಪರ್ವಾಗಿಲ್ಲ."

ಮತ್ತೆ ಮಡಿಸತೊಡಗಿದರು. ಹೆಡ್ಲಿಯ ಕೈ ಮಾತ್ರ ಸುಮ್ಮನಿರಲಿಲ್ಲ; ಅವಳು ಮಡಿಸಿದ ಉಣ್ಣೆಯ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದ. "ತೋಳು ಒಳಗೆ ಹೋಗ್ಬೇಕು. ಆಲಿವ್ ಹಂಗೇ ಮಡಿಸೋದು." ಇನ್ನೊಂದನ್ನೂ ಬಿಚ್ಚಿದ. "ಇದೂ ತಪ್ಪು." ಮೂರನೆಯದಕ್ಕೆ ಕೈ ಹಾಕಿದಾಗ ಡಲ್ಸಿ ಅದನ್ನು ಕಸಿದುಕೊಂಡು ಎದ್ದು ನಿಂತಳು.

"ಮಡಿಸಕ್ಕೆ ಬರಲ್ಲ ಅಂತ ಕರೆದಿದ್ದು ನೀನು! ಬರುತ್ತೆ ಅಂದ್ಮೇಲೆ ನನ್ನನ್ಯಾಕೆ ಕರೆದೆ?"

ಅಲ್ಲಿಂದ ಅವಳಿಗೆ ನಿಲ್ಲಿಸಲಾಗಲಿಲ್ಲ. ಫೆರಿಗೆ ಬೈದಳು. ಬಾಗಿಲಿಗೆ, ಮಂಜುಗಡ್ಡೆಗೆ, ರ‍್ಯಾಂಡಲ್‌ಗೆ, ಕೋಟಿನ ಹೆಂಗಸಿಗೆ ಬೈದಳು. ರೆಕ್ಸ್‌ನ ಏಡಿಗಳಿಗೆ ಬೈದಳು. ಚರ್ಚಿನಲ್ಲಿ ಪಿಸುಗುಟ್ಟಿದವಳ ಹೆಸರು ಹಿಡಿದು ಬೈದಳು. ಕೊನೆಗೆ ಹೆಡ್ಲಿಯ ಮೇಲೇ ತಿರುಗಿದಳು:

"ನೀನ್ಯಾಕೆ ಬೈಲಿಲ್ಲ? ಊರೋರೆಲ್ಲ ಬೈದ್ರು, ಸಾಬೂನು ಬರಲಿಲ್ಲ ಅಂತ ಬೈದ್ರು! ನೀನು ಹೆಂಡ್ತೀನ ಕಳ್ಕೊಂಡು, 'ಮಗಳೇ' ಅಂತ ಬಂದು ಬೆಂಚ್ ಮೇಲೆ ಕೂತ್ಕೊಂಡ್ಯಲ್ಲ! ಒಂದು ಸಲ ಬೈಬಾರ್ದಿತ್ತಾ? ಆ ಗಾಜು ಒಡೀಬಾರ್ದಿತ್ತಾ?"

"ನಿನ್ನ ಹತ್ರ ದೋಣಿ ಇತ್ತಾ?" ಅಂದ ಹೆಡ್ಲಿ.

"ಇಲ್ಲ!"

"ಮತ್ತೆ ಬೈದು ಏನು ಮಾಡ್ಲಿ?"

ಡಲ್ಸಿ ಕೂತಳು. ಗಂಟಲು ಹರಿದುಹೋಗಿತ್ತು. ನೆಲದ ತುಂಬ ಆಲಿವಳ ಅಂಗಿಗಳು. ಹೆಡ್ಲಿ ಎದ್ದುಹೋಗಿ ಚಹಾ ಮಾಡಿ ತಂದ. ಸಕ್ಕರೆ ಮರೆತಿದ್ದ. ಇಬ್ಬರೂ ಹಾಗೇ ಕುಡಿದರು. ಕತ್ತಲಾಗುವ ಮೊದಲು ಎಲ್ಲ ಬಟ್ಟೆಯನ್ನೂ ಅವನು ಹೇಳಿದ ಹಾಗೆಯೇ ಮಡಿಸಿಟ್ಟರು.

"ಅಳು ಬಂತಾ?" ಎಂದು ನಾನು ಕೇಳಿದೆ.

"ಇಲ್ಲ ಕಣೆ. ಬರೀ ಕಿರುಚಿದೆ. ಆಮೇಲೆ ನಾಚಿಕೆ ಆಯ್ತು." ಮತ್ತೆ, "ನಾಚಿಕೆಯಾದ್ರೂ ಆಯ್ತಲ್ಲ" ಅಂದಳು.

ಅಳು ಬಂದದ್ದು ಎಷ್ಟೋ ವಾರಗಳ ಮೇಲೆ. ಬೆಟ್ಟದ ಮೇಲೆ ಹಣ್ಣು ಕೀಳುವಾಗ, ಡಬ್ಬಿ ಉರುಳಿ ಕೆಂಪು ಹಣ್ಣೆಲ್ಲ ಪಾಚಿಯ ಮೇಲೆ ಚೆಲ್ಲಿದಾಗ. ಸೆಲ್ಬಿ ಹಣ್ಣು ಆರಿಸುತ್ತ, ಅವಳು ಅಳುತ್ತ, ಮಧ್ಯಾಹ್ನವೆಲ್ಲ ಅಲ್ಲೇ ಇದ್ದರಂತೆ. "ಎಷ್ಟು ಅತ್ಲು ಅಂದ್ರೆ, ನಾನು ಎರಡು ಡಬ್ಬಿ ತುಂಬಿಸಿದೆ," ಎಂದ ಸೆಲ್ಬಿ.

ರಜೆ ಮುಗಿದಾಗ ಡಲ್ಸಿ ಆಚೆ ದಡಕ್ಕೆ ಹೋಗಿ ರ‍್ಯಾಂಡಲ್‌ನ ಎದುರು ಕೂತು, ಕಿಟಕಿಗೆ ಮರಳುವುದಿಲ್ಲ ಅಂದಳು. ಸಂಬಳ ಕಡಿಮೆಯಾದರೂ ಸರಿ, ಬಯಲಿನಲ್ಲಿ ವಾಹನ ಸಾಲು ಹಚ್ಚುವ ಕೆಲಸ ಕೊಡಿ. ಕಿಟಕಿಗೆ ಒಬ್ಬರನ್ನೇ ಕೂರಿಸಿ ಸಾಯಿಸಬೇಡಿ, ಇಬ್ಬರು ವಾರಕ್ಕೊಮ್ಮೆ ಬದಲಾಗಲಿ ಎಂದೂ ಹೇಳಿದಳು. ಮೊದಲನೆಯದು ಸಿಕ್ಕಿತು. ಎರಡನೆಯದಕ್ಕೆ ಅವನು ನೋಡೋಣ ಅಂದ. ಇನ್ನೂ ನೋಡುತ್ತಿದ್ದಾನೆ. ಶಾರ್ಲೀನ್ ಚಳಿಗಾಲಕ್ಕೆ ಮೊದಲೇ ಬಿಟ್ಟುಹೋದಳು. ಆ ಕಿಟಕಿಯನ್ನು ನನಗೆ ಕೊಡುತ್ತೇವೆಂದು ಬಂದಿದ್ದರು. ಬೇಡ ಅಂದೆ. ಈಗ ಅಲ್ಲಿ ಇನ್ನೊಬ್ಬಳು ಕೂತಿದ್ದಾಳೆ. ಸದ್ಯಕ್ಕೆ ಅವಳ ನಗು ಅವಳದೇ ಇದ್ದ ಹಾಗಿದೆ.

ಡಲ್ಸಿ ಕಿತ್ತಳೆ ಬಣ್ಣದ ಕೋಟು ಹಾಕಿಕೊಂಡು ಗಾಳಿಯಲ್ಲಿ ನಿಂತು, ಕೈಯಾಡಿಸಿ ಕಾರುಗಳನ್ನು ಕರೆಯುತ್ತಾಳೆ, ನಿಲ್ಲಿಸುತ್ತಾಳೆ. ಯಾರಾದರೂ ಗಾಜು ಇಳಿಸಿ ಬೈಯಲು ಬಾಯಿ ತೆರೆದರೆ, "ಬಾಯಿ ಮುಚ್ಚು, ಚಳಿ ಒಳಗೆ ಹೋಗುತ್ತೆ" ಅನ್ನುತ್ತಾಳೆ. ರೆಕ್ಸ್‌ಗೆ ಒಮ್ಮೆ ಹಾಗಂದಾಗ ಅವನು ಬಾಯಿ ಮುಚ್ಚಿ, ಗಾಜು ಏರಿಸಿ, ಒಳಗೆ ಕೂತು ನಗುತ್ತಿದ್ದ.

ಪೂರ್ತಿ ಸರಿಯಾಗಿದ್ದಾಳೆ ಅಂತ ನಾನು ಹೇಳಲಾರೆ. ಬೇಗ ದಣಿಯುತ್ತಾಳೆ. ಜನ ತುಂಬಿದ ಕಡೆ ನಿಲ್ಲುವುದಿಲ್ಲ. ಹೋದ ತಿಂಗಳು ಆಲ್ಬರ್ಟಾದಿಂದ ಅವಳ ತಂಗಿ ರೂಬಿ ಫೋನ್ ಮಾಡಿ, ಗಂಡ ಬಿಟ್ಟುಹೋದ ಕತೆ ಶುರು ಮಾಡಿದಳಂತೆ. ಡಲ್ಸಿ ಆವತ್ತು ಇಡೀ ದಿನ ಕೊರೆಯುವ ಗಾಳಿಯಲ್ಲಿ ನಿಂತು ಬಂದಿದ್ದಳು. ಸ್ವಲ್ಪ ಕೇಳಿ, "ರೂಬಿ, ಇವತ್ತು ನನ್ನ ಹತ್ರ ಏನೂ ಉಳಿದಿಲ್ಲ ಕಣೆ. ಸುಮ್ನೆ ಹೂಂ ಹೂಂ ಅಂತೀನಿ, ಅದು ನಿಂಗೆ ಬೇಡ. ಭಾನುವಾರ ನಾನೇ ಮಾಡ್ತೀನಿ" ಅಂದಳು. ರೂಬಿಗೆ ಸಿಟ್ಟು ಬಂತು, ಫೋನ್ ಇಟ್ಟಳು.

ಭಾನುವಾರ ಊಟ ಮುಗಿಸಿ ಡಲ್ಸಿ ಫೋನ್ ಮಾಡಿದಳು. ರೂಬಿ ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೆಯ ಸಲ ಎತ್ತಿ, "ಏನು, ಈಗ ಪುರುಸೊತ್ತಾಯ್ತಾ ಮಹಾರಾಣಿಗೆ?" ಅಂದಳಂತೆ. ಡಲ್ಸಿ ಕುರ್ಚಿ ಎಳೆದುಕೊಂಡು ಕೂತಳು. ಸೆಲ್ಬಿ ರೇಡಿಯೋ ಆರಿಸಿ, ಬಾಗಿಲು ಎಳೆದುಕೊಂಡು ಹೊರಗೆ ಹೋದ.